ಸುಚಿತ್ರಕ್ಕನ ಮನೆಯವರು

ಮೇಡ್ಲೇರಿಯ ಭರಮಣ್ಣ ಹೆಂಡತಿಯನ್ನೂ ಮಗಳನ್ನೂ ರಾಣೆಬೆನ್ನೂರಿಗೆ ಸಾಗಿಸಿದ್ದು ಜೂನ್ ತಿಂಗಳ ಒಂದು ಬೆಳಿಗ್ಗೆ, ತನ್ನ ಟ್ರ್ಯಾಕ್ಟರಿನಲ್ಲಿ. ಟ್ರೇಲರಿನಲ್ಲಿ ಕಬ್ಬಿಣದ ಮಂಚ, ಗಾದಿ, ಗ್ಯಾಸಿನ ಒಲೆ, ರೊಟ್ಟಿ ಹಂಚು, ಜೋಳದ ಚೀಲ. ಎಲ್ಲದರ ಮೇಲೆ ಪುಸ್ತಕದ ಗಂಟು ತಬ್ಬಿಕೊಂಡು ಕುಳಿತ ಮಗಳು ಶ್ವೇತಾ, ಅವಳ ಪಕ್ಕದಲ್ಲಿ ಹೆಂಡತಿ ಸುಚಿತ್ರಾ. ಊರ ಮುಂದಿನ ಕಟ್ಟೆಯಲ್ಲಿ ಕುಳಿತವರು ಎಲ್ಲಿಗೆ ಎಂದು ಕೇಳಿದಾಗ ಭರಮಣ್ಣ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಸಮಾಧಾನವಾಗಿ ಉತ್ತರ ಕೊಟ್ಟ.

"ಸಾಲಿ ಸಲುವಾಗಿ. ನಾನ ಕಳಸಾಕತ್ತೇನಿ. ಹುಡುಗಿ ಶಾಣ್ಯಾ ಅದಾಳ, ಇಲ್ಲಿಟ್ಟು ಏನ ಮಾಡೂದು?"

ವಿಚಾರ ಅಸಲಿಗೆ ಸುಚಿತ್ರಾಳದು. ಶ್ವೇತಾ ಏಳನೆಯ ತರಗತಿ ಮುಗಿಸಿದ ಬೇಸಿಗೆಯಿಡೀ ಅವಳು ಗಂಡನ ಬೆನ್ನು ಹತ್ತಿದ್ದಳು. ಊರಿನಿಂದ ಬಸ್ಸಿನಲ್ಲಿ ಹೋಗಿಬರುವ ಹುಡುಗಿಯರು ಸಂಜೆ ಮನೆ ಸೇರುವ ಹೊತ್ತಿಗೆ ಬಾಡಿಹೋಗಿರುತ್ತಾರೆ, ಇನ್ನು ಓದುವುದು ಯಾವಾಗ ಎಂಬುದು ಅವಳ ವಾದ. ಭರಮಣ್ಣ ಮೊದಲು ಒಲ್ಲೆ ಎಂದ, ಆಮೇಲೆ ನೋಡೋಣ ಎಂದ, ಕೊನೆಗೆ ಹೂಂ ಎಂದ. ಹೂಂ ಎಂದ ಮೇಲೆ ಅದು ತನ್ನದೇ ವಿಚಾರವೆಂದು ನಾಲ್ಕು ಜನರ ಮುಂದೆ ಹೇಳಿ ಹೇಳಿ ತಾನೂ ನಂಬಿದ.

ಹಾಗೆ ಹೇಳಿದರೆ ಕೇಳುವ ಜನ ಅವನಿಗೆ ಊರಿನಲ್ಲಿದ್ದರು. ಅವನದು ಹೊಳೆಯ ನೀರು ಹಾಯುವ ಹೊಲ. ಅದರ ಒಂದು ಭಾಗದಲ್ಲಿ ರಾಣೆಬೆನ್ನೂರಿನ ಬೀಜದ ಕಂಪನಿಯೊಂದಕ್ಕೆ ಬೆಂಡೆಬೀಜ ಬೆಳೆದುಕೊಡುತ್ತಿದ್ದ. ಗಂಡು ಸಾಲಿನ ಹೂವಿನ ಪುಡಿಯನ್ನು ಹೆಣ್ಣು ಸಾಲಿನ ಹೂವಿಗೆ ಒಂದೊಂದಾಗಿ ಕೈಯಿಂದ ಮುಟ್ಟಿಸುವ ಕೆಲಸ ಅದು. ಊರಿನವರು ಕ್ರಾಸಿಂಗ್ ಎನ್ನುತ್ತಾರೆ. ಕೈ ತಪ್ಪಿದರೆ ಬೀಜದಲ್ಲಿ ಬೆರಕೆ ಬಂದು ಇಡೀ ಮಾಲು ಹೊಳ್ಳಿ ಬರುತ್ತದೆ. ಭರಮಣ್ಣನ ಮಾಲು ಎಂದೂ ಹೊಳ್ಳಿ ಬಂದಿರಲಿಲ್ಲ. ಕಂಪನಿಯವರು ಹಾವೇರಿಯಲ್ಲಿ ರೈತರ ಸಭೆ ನಡೆಸಿ ಅವನಿಗೆ ಶಾಲು ಹೊದಿಸಿದ್ದರು. ಆ ಫೋಟೋ ಪಡಸಾಲೆಯಲ್ಲಿ ದೇವರ ಫೋಟೋಗಳ ಸಾಲಿನಲ್ಲೇ ತೂಗುತ್ತಿತ್ತು. ಅವನು ಬಂದರೆ ಕಟ್ಟೆಯ ಮೇಲೆ ಜನ ಸರಿದು ಜಾಗ ಬಿಡುತ್ತಿದ್ದರು. ಈ ಸಲ ಏನು ಹಾಕೋಣ ಎಂದು ಅವನನ್ನು ಕೇಳಿ ಬಿತ್ತುವವರೂ ಇದ್ದರು. ಸುಚಿತ್ರಾ ಮಾತ್ರ ಊರಿಗೆಲ್ಲ 'ಭರಮಣ್ಣನ ಹೇಂತಿ'. ಹೆಸರು ಹಿಡಿದು ಕರೆಯುವವರು ಕಡಿಮೆ.

ಬಾಡಿಗೆಗೆ ಸಿಕ್ಕದ್ದು ಹೊಸ ಬಡಾವಣೆಯೊಂದರಲ್ಲಿ ಮಾಳಿಗೆಯ ಮೇಲಿನ ಎರಡು ಕೋಣೆ. ಕೆಳಗೆ ಮನೆಯೊಡತಿ ಜೈತೂನಬಿ. ಗಂಡ ತೀರಿದ ಮೇಲೆ ಮುಂದಿನ ಕೋಣೆಯಲ್ಲಿ ಮಷಿನ್ ಇಟ್ಟುಕೊಂಡು ಬ್ಲೌಸ್ ಹೊಲಿದು ಜೀವನ ಸಾಗಿಸುವ ಗಟ್ಟಿ ಹೆಂಗಸು. ಸಾಮಾನು ಇಳಿಸಿದ ದಿನ ಅವಳು ಮೆಟ್ಟಿಲ ಬಳಿ ನಿಂತು, "ಮ್ಯಾಲೆ ರೊಟ್ಟಿ ಬಡಿಯೂವಾಗ ಭಾಳ ಸಪ್ಪಳ ಮಾಡಬ್ಯಾಡವಾ, ಕೆಳಗ ಸುಣ್ಣ ಉದರತೈತಿ," ಎಂದು ಹೇಳಿ ಒಳಗೆ ಹೋದಳು. ಭರಮಣ್ಣನಿಗೆ ಅವಳ ಮಾತು ಹಿಡಿಸಲಿಲ್ಲ.

ಮೊದಮೊದಲು ಸುಚಿತ್ರಾ ದಿನಾ ಸಂಜೆ ಫೋನ್ ಮಾಡುತ್ತಿದ್ದಳು.

"ನಳಾ ಯಾವಾಗ ಬರ್ತೈತೋ ಗೊತ್ತಾಗಂಗಿಲ್ರಿ. ಇವತ್ತ ಬರ್ತೈತಿ ಅಂತ ಮುಂಜಾನಿಂದ ಕೊಡಾ ಇಟಗೊಂಡು ಕುಂತೇನಿ. ಬಾಜೂ ಮನಿಗೆ ಹೆಪ್ಪು ಕೇಳಾಕ ಹೋದ್ರ ಕಿಡಕ್ಯಾಗಿಂದನ ಮಾತಾಡಿ ಕಳಸಿದ್ರು."

"ಪ್ಯಾಟಿ ಅಂದ್ರ ಹಂಗ," ಎನ್ನುತ್ತಿದ್ದ ಭರಮಣ್ಣ.

"ಕಸಾ ಎಲ್ಲಿ ಚಲ್ಲಬೇಕು ಅನ್ನೂದೂ ಯಾರನ್ನರೆ ಕೇಳಬೇಕ್ರಿ. ಹುಡುಗಿ ಸಾಲಿಗೆ ಹೋದ ಮ್ಯಾಲೆ ಒಬ್ಬಾಕಿನ ಮಾಡಕೊಂಡು ಉಣ್ಣಾಕ ಮನಸ ಬರವಲ್ದು."

ಹೇಳುತ್ತ ಹೇಳುತ್ತ ಅಳುತ್ತಿದ್ದಳು. ಭರಮಣ್ಣ ಸಮಾಧಾನ ಹೇಳಿ, ಫೋನ್ ಇಟ್ಟು, ತಾಯಿ ಉಚ್ಚಂಗೆವ್ವ ಬಡಿಸಿದ್ದನ್ನು ಹೊಟ್ಟೆ ತುಂಬ ಉಂಡು ಮಲಗುತ್ತಿದ್ದ. ಹೆಂಡತಿ ಅತ್ತ ದಿನ ಅವನಿಗೆ ಊಟ ಹೆಚ್ಚೇ ಸೇರುತ್ತಿತ್ತು. ಅವಳಿಗೆ ತೊಂದರೆಯಾಗಲಿ ಎಂಬ ಕೆಟ್ಟ ಮನಸ್ಸಿನವನೇನಲ್ಲ. ತಾನಿಲ್ಲದೆ ಅವಳಿಗೆ ಆಗುವುದಿಲ್ಲ ಎಂಬುದು ಕಿವಿಗೆ ಬಿದ್ದರೆ ಅವನಿಗೆ ಏನೋ ಒಂದು ನೆಮ್ಮದಿ. ರವಿವಾರ ಹಾಲು, ಬದನೆಕಾಯಿ, ಮೆಂತ್ಯಸೊಪ್ಪು ಕಟ್ಟಿಕೊಂಡು ಹೋದರೆ ಅವಳು ಮೆಟ್ಟಿಲ ಮೇಲೆ ದಾರಿ ಕಾಯುತ್ತಿದ್ದಳು. ಅವನು ಒಳಗೆ ಹೋಗಿ ಮಂಚದ ಮೇಲೆ ಕಾಲು ಚಾಚಿದರೆ ಆ ಎರಡು ಕೋಣೆಗೆ ಯಜಮಾನ ಬಂದಂತಾಗುತ್ತಿತ್ತು.

ದಸರೆ ಕಳೆದ ಮೇಲೆ ಫೋನು ಕಡಿಮೆಯಾಯಿತು. ಅವನೇ ಮಾಡಿದರೆ, "ಆಮ್ಯಾಲ ಮಾಡ್ತೀನ್ರಿ, ಕೆಳಗ ಜೈತೂನಕ್ಕನ ಕೂಡ ಅದೀನಿ," ಎಂದು ಇಡುತ್ತಿದ್ದಳು. ಅವಳ ಮಾತಿನ ಹಿಂದೆ ನಾಲ್ಕಾರು ಹೆಂಗಸರು ನಗುವುದು ಕೇಳಿಸುತ್ತಿತ್ತು. ಆದದ್ದು ಇಷ್ಟೇ. ಬಾಜೂ ಮನೆಯವರು ಮದುವೆಗೆಂದು ಊರಿಗೆ ಹೋದಾಗ ನಳ ಬಂದಿತ್ತು. ಸುಚಿತ್ರಾ ಅವರ ಅಂಗಳದ ಬ್ಯಾರಲ್ಲನ್ನೂ ತುಂಬಿಸಿ ಇಟ್ಟಿದ್ದಳು. ತಿರುಗಿ ಬಂದ ಮೇಲೆ ಅವರ ಮನೆ ಬಾಗಿಲು ತೆರೆಯಿತು. ಆ ಬಾಗಿಲು ತೆರೆದ ಮೇಲೆ ಮತ್ತೊಂದು. ನೀರು ಬಿಡುವವನ ನಂಬರು ಅವಳ ಬಳಿ ಇದೆ ಎಂದು ಗೊತ್ತಾದ ಮೇಲೆ ಓಣಿಯ ಹೆಂಗಸರೆಲ್ಲ ಮೆಟ್ಟಿಲು ಹತ್ತಿ ಬಂದು ಕೇಳತೊಡಗಿದರು, "ಸುಚಿತ್ರಕ್ಕ, ನಾಳೆ ನಳಾ ಬರ್ತಾವೇನು?"

ಭರಮಣ್ಣ ಇದನ್ನೆಲ್ಲ ರವಿವಾರ ಕುಳಿತು ಕೇಳಿದ. ಕೇಳಿ, "ಛಲೋ ಆತು," ಎಂದ. ಅಂದಿನ ಊಟದಲ್ಲಿ ಉಪ್ಪು ಹೆಚ್ಚಾಗಿದೆ ಎಂದ.

ಅವನನ್ನು ಮೊದಲ ಸಲ ಚುಚ್ಚಿದ್ದು ಮೆಣಸಿನಕಾಯಿ. ಪ್ರತಿ ವರ್ಷ ಹಂಗಾಮಿನಲ್ಲಿ ಭರಮಣ್ಣ ತಾನೇ ಬ್ಯಾಡಗಿಗೆ ಹೋಗಿ, ಮೂಗಿಗೆ ಟವೆಲ್ ಕಟ್ಟಿಕೊಂಡು, ಮಾರುಕಟ್ಟೆಯ ರಾಶಿಗಳ ನಡುವೆ ಅಡ್ಡಾಡಿ, ಒಂದೊಂದು ಕಾಯಿ ಅಂಗೈಯಲ್ಲಿ ಮುರಿದು ಬಣ್ಣ ನೋಡಿ, ಮನೆಗೆ ವರ್ಷವಿಡೀ ಸಾಲುವಷ್ಟು ಕಾಯಿ ತರುತ್ತಿದ್ದ. ಅದು ಅವನ ತಂದೆಯ ಕಾಲದಿಂದ ನಡೆದು ಬಂದದ್ದು. ಹೆಂಗಸರು ಕೈ ಹಾಕಿದವರಲ್ಲ. ಆ ವರ್ಷ ಹೊರಡುವ ಮುನ್ನ ಸುಚಿತ್ರಾಳಿಗೆ ಫೋನ್ ಮಾಡಿದ.

"ನಾಳಿಗೆ ಬ್ಯಾಡಗಿಗೆ ಹೊಂಟೇನಿ. ನಿನಗ ಎಷ್ಟ ತರ್ಲಿ?"

"ತಂದೇವ್ರಿ ನಾವು. ಮೊನ್ನಿ ಓಣ್ಯಾಗಿನ ಹೆಣ್ಮಕ್ಕಳೆಲ್ಲಾ ಕೂಡಿ ರೈಲಿಗೆ ಹೋಗಿ ಬಂದ್ವಿ. ಜೈತೂನಕ್ಕಗ ಗುರ್ತಿನ ದಲಾಲರು ಅದಾರ. ಕುಟ್ಟಿಸಿದ್ದೂ ಆತು."

ರವಿವಾರ ಆ ಖಾರದಲ್ಲಿ ಮಾಡಿದ ಸಾರು ಬಡಿಸಿದಳು. ಬಟ್ಟಲಲ್ಲಿ ಬಣ್ಣ ಕುಂಕುಮದಂತೆ ನಿಂತಿತ್ತು.

"ಹೆಂಗೈತ್ರಿ?"

"ಸಪ್ಪಗೈತಿ," ಎಂದ ಭರಮಣ್ಣ.

"ಅಪ್ಪಾ, ನೀ ಮತ್ತ ಮತ್ತ ಹಾಕಿಸಿಕೊಂಡಿ," ಎಂದಳು ಶ್ವೇತಾ.

ಮಾರನೆಯ ದಿನ ಅವನು ಬ್ಯಾಡಗಿಗೆ ಹೋಗಿ ಒಂದು ಚೀಲ ಮೆಣಸಿನಕಾಯಿ ಹೊತ್ತು ಮೇಡ್ಲೇರಿಗೆ ತಂದ. ಮನೆಯಲ್ಲಿ ಉಣ್ಣುವವರು ತಾಯಿ, ತಾನು, ತಮ್ಮ ಚನ್ನೇಶ, ತಮ್ಮನ ಹೆಂಡತಿ ಇಷ್ಟೇ. ಉಚ್ಚಂಗೆವ್ವ ಚೀಲವನ್ನು ಸುತ್ತು ಹಾಕಿ ನೋಡಿ, "ಇಷ್ಟ ಯಾರ ತಿನ್ನಾವ್ರೋ ಯಪ್ಪಾ?" ಎಂದಳು. ಭರಮಣ್ಣ ಚೀಲವನ್ನು ಎಳೆದು ಕೋಣೆಯೊಳಗೆ ಇಟ್ಟ.

ಮುಂದಿನ ಸುದ್ದಿಯನ್ನು ಸುಚಿತ್ರಾ ಅಂಜುತ್ತಲೇ ಹೇಳಿದಳು. ಬೀಜದ ಕಂಪನಿಯಲ್ಲಿ ಮೊಳಕೆ ನೋಡುವ ಕೆಲಸಕ್ಕೆ ಹೆಂಗಸರು ಬೇಕಾಗಿದ್ದರು. ಬೀಜಗಳನ್ನು ಹಸಿ ಕಾಗದದಲ್ಲಿ ಸುತ್ತಿಟ್ಟು, ಮೊಳೆತದ್ದು ಎಷ್ಟು, ಮೊಳೆಯದ್ದು ಎಷ್ಟು ಎಂದು ಬರೆದಿಡಬೇಕು. ಅಲ್ಲಿಯ ಉಸ್ತುವಾರಿ ಕೊಟ್ರೇಶ ಮೊದಲು ಭರಮಣ್ಣನ ಹೊಲಕ್ಕೇ ಬೈಕಿನಲ್ಲಿ ಬಂದು ಬೆಂಡೆ ಸಾಲು ನೋಡಿ, ಮಜ್ಜಿಗೆ ಕುಡಿದು ಹೋಗುತ್ತಿದ್ದ ದೇವರಗುಡ್ಡದ ಕಡೆಯ ಹುಡುಗ. ಅವನೇ ಸಂತೆಯಲ್ಲಿ ಸುಚಿತ್ರಾಳನ್ನು ಕಂಡು ಕೇಳಿದ್ದ.

"ಸಾಲಿ ಬಿಡೂದ್ರಾಗ ನಾನೂ ಮನಿಗೆ ಬಂದಿರ್ತೀನ್ರಿ. ಶ್ವೇತಾಗೇನೂ ತ್ರಾಸ ಆಗಂಗಿಲ್ಲ."

ಭರಮಣ್ಣ ಬೇಡ ಎನ್ನಲು ಕಾರಣ ಹುಡುಕಿದ, ಸಿಗಲಿಲ್ಲ. "ನಿನಗ ತಿಳಿದಂಗ ಮಾಡು," ಎಂದ. ಅವನ ಮನೆಯಲ್ಲಿ ಆ ಮಾತಿಗೆ ಬೇಡ ಎಂದೇ ಅರ್ಥ. ಸುಚಿತ್ರಾ ಈ ಸಲ ಅದನ್ನು ಹಾಗೆ ಕೇಳಿಸಿಕೊಳ್ಳಲಿಲ್ಲ.

ಅಲ್ಲಿಂದ ಮುಂದೆ ಅವಳ ಮಾತಿನಲ್ಲಿ ಕೊಟ್ರೇಶ ಸರ್ ಬರತೊಡಗಿದ. ಕೊಟ್ರೇಶ ಸರ್ ಹಿಂಗಂದ್ರು, ಕೊಟ್ರೇಶ ಸರ್ ಹಂಗ ತೋರಿಸಿದ್ರು. ಮಜ್ಜಿಗೆ ಕುಡಿದು ಹೋಗುತ್ತಿದ್ದ ಹುಡುಗ ಸರ್ ಆದದ್ದು ಯಾವಾಗ ಎಂದು ಭರಮಣ್ಣ ಯೋಚಿಸುತ್ತ ಹೊಲದ ಬದುವಿನಲ್ಲಿ ಸುಮ್ಮನೆ ನಿಲ್ಲುತ್ತಿದ್ದ. ಶ್ವೇತಾ ಅವನನ್ನು ಅಪ್ಪಾ ಎನ್ನುವುದು ಬಿಟ್ಟು ಪಪ್ಪಾ ಎನ್ನತೊಡಗಿದ್ದಳು. ಅದಕ್ಕೂ ಅವನು ರಾಣೆಬೆನ್ನೂರನ್ನೇ ಬೈದ.

ಒಂದು ಶನಿವಾರ ಹೇಳದೆ ಹೋದ. ಬಸ್ ಸ್ಟ್ಯಾಂಡಿನ ಹೊರಗೆ ಸೊಪ್ಪಿನ ಗಂಟು ಹೆಗಲಿಗೆ ಹಾಕಿಕೊಂಡು ರಸ್ತೆ ದಾಟಲು ನಿಂತಿದ್ದ. ಎದುರಿಗೆ ಒಂದು ಸ್ಕೂಟಿ ಹಾದುಹೋಯಿತು. ಓಡಿಸುತ್ತಿದ್ದವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಿಂದೆ ಕುಳಿತ ಜೈತೂನಬಿಯ ಮಾತಿಗೆ ಜೋರಾಗಿ ನಗುತ್ತಿದ್ದಳು. ಜೈತೂನಬಿಯನ್ನು ಗುರುತಿಸಿದ ಮೇಲೆಯೇ ಮುಂದಿನವಳು ತನ್ನ ಹೆಂಡತಿ ಎಂದು ಅವನಿಗೆ ತಿಳಿದದ್ದು. ಕೂಗಲು ಬಾಯಿ ತೆರೆದ, ಹೆಸರು ಬರಲಿಲ್ಲ. ಅವಳು ಹೀಗೆ ನಗುವುದನ್ನು ಅವನು ಎಂದಾದರೂ ನೋಡಿದ್ದನೇ? ಮದುವೆಯಾದ ಹೊಸದರಲ್ಲಿ ನೋಡಿರಬೇಕು. ನೆನಪಿಗೆ ಬರಲಿಲ್ಲ.

ಮನೆಗೆ ಹೋಗಿ ಮೆಟ್ಟಿಲ ಮೇಲೆ ಕುಳಿತ. ಅವಳು ಬಂದು ಗಾಡಿ ನಿಲ್ಲಿಸಿ, ಅವನನ್ನು ಕಂಡು ಬೆಚ್ಚಿದಳು.

"ಯಾವಾಗ ಬಂದ್ರಿ? ಒಂದ ಫೋನರೆ ಮಾಡಬಾರದಾ?"

"ನನ್ನ ಮನಿಗೆ ಬರಾಕ ಫೋನ್ ಮಾಡಿ ಬರಬೇಕೇನು?"

"ಹಂಗಲ್ರಿ. ಜೈತೂನಕ್ಕ ಕಲಿಸಿದ್ಲು, ಗಾಡೀನೂ ಅಕಿದ. ನಿಮಗ ಕಲತ ಮ್ಯಾಲೆ ತೋರಿಸಬೇಕು ಅಂತ ಮಾಡಿದ್ದೆ."

"ಇನ್ನೂ ಏನೇನ್ ಕಲತೀದಿ, ಎಲ್ಲಾ ಒಮ್ಮೆ ತೋರಿಸಿಬಿಡು."

ಜೈತೂನಬಿ ಮಷಿನ್ ಕೋಣೆಯ ಬಾಗಿಲು ಮುಚ್ಚಿಕೊಂಡಳು. ಸುಚಿತ್ರಾ ಕೆಂಪೇರಿದ ಮುಖದಲ್ಲಿ ಮೆಟ್ಟಿಲು ಹತ್ತಿ ಒಳಗೆ ಹೋದಳು. ಆ ರಾತ್ರಿ ಅವನು ಉಳಿಯದೆ ಕೊನೆಯ ಬಸ್ಸಿಗೆ ಊರಿಗೆ ಹೊರಟ. ಬಸ್ಸಿನಲ್ಲೇ ನಿಶ್ಚಯ ಮಾಡಿದ: ತಾನೂ ರಾಣೆಬೆನ್ನೂರಿಗೆ ಹೋಗಿ ಇರಬೇಕು. ಮನೆಯಲ್ಲಿ ಗಂಡಸು ಇದ್ದರೆ ಎಲ್ಲ ಸರಿಹೋಗುತ್ತದೆ.

ಹೊಲವನ್ನು ಚನ್ನೇಶನಿಗೆ ಪಾಲಿಗೆ ಒಪ್ಪಿಸಿದ. "ಒಂದ ವರ್ಷ ನೋಡ್ಕೋ. ಬೆಂಡಿ ಸಾಲು ಹಾಳ ಮಾಡಬ್ಯಾಡ," ಎಂದ. ಉಚ್ಚಂಗೆವ್ವ ಮಗನ ಬಟ್ಟೆ ಮಡಚಿಕೊಡುತ್ತ, "ಅಕಿನ್ನ ನೀನ ಕಳಿಸಿದೆಲ್ಲೋ, ಮತ್ತ ನೀ ಯಾಕ ಹೊಂಟಿ?" ಎಂದು ಕೇಳಿದಳು.

"ಹುಡುಗಿ ಓದು ನೋಡಾಕ ಬ್ಯಾಡೇನು?" ಎಂದ ಭರಮಣ್ಣ. ಏಳನೆಯದಕ್ಕಿಂತ ಮುಂದಿನ ಪುಸ್ತಕವನ್ನು ಅವನು ತೆರೆದು ನೋಡಿದವನಲ್ಲ.

ಊರು ಬಿಟ್ಟು ಊರಿಗೆ ಹೋಗಿ ಇರುವುದೆಂದರೆ ಏನೆಂದು ಅವನಿಗೆ ಗೊತ್ತಾದದ್ದು ಆಮೇಲೆ. ರವಿವಾರದ ಯಜಮಾನ ಸೋಮವಾರಕ್ಕೆ ಬರೀ ಒಬ್ಬ ಮನುಷ್ಯನಾದ. ಬೆಳಿಗ್ಗೆ ಶ್ವೇತಾ ಶಾಲೆಗೆ, ಸುಚಿತ್ರಾ ಕಂಪನಿಗೆ. ಕೆಳಗೆ ಮಷಿನ್ನಿನ ಸದ್ದು. ಅವನು ಮಂಚದ ಮೇಲೆ ಕುಳಿತು ಗೋಡೆ ನೋಡಿ, ಬೇಸರ ಬಂದರೆ ರಸ್ತೆಗೆ ಇಳಿಯುತ್ತಿದ್ದ. ಊರಲ್ಲಾದರೆ ಮನೆಯಿಂದ ಹೊಲಕ್ಕೆ ಹೋಗುವಷ್ಟರಲ್ಲಿ ಎಷ್ಟೋ ಜನ ತಡೆದು ಮಾತಾಡಿಸುತ್ತಿದ್ದರು. ಇಲ್ಲಿ ಪಿ.ಬಿ. ರಸ್ತೆಯವರೆಗೆ ನಡೆದು ಹೊಳ್ಳಿ ಬಂದರೂ ಯಾರೂ ಎಲ್ಲಿಗೆ ಹೊಂಟೀರಿ ಎಂದು ಕೇಳುವುದಿಲ್ಲ. ಚಹಾದಂಗಡಿಯಲ್ಲಿ ಒಂದೇ ಬೆಂಚಿನಲ್ಲಿ ದಿನಾ ಕುಳಿತರೂ ಪಕ್ಕದವರು ಮೊಬೈಲ್ ನೋಡುತ್ತಿದ್ದರು. ತನ್ನ ಬೆಂಡೆ, ತನ್ನ ಶಾಲು, ತನ್ನ ಹೊಳೆಸಾಲಿನ ಹೊಲ, ಯಾವುದೂ ಇಲ್ಲಿ ಯಾರಿಗೂ ಗೊತ್ತಿಲ್ಲ. ಕೆಲಸ ಕೇಳಿಕೊಂಡು ಕಾಳುಕಡಿ ಕೊಂಡು ಮಾರುವ ಅಡತಿ ಅಂಗಡಿಗೆ ಹೋದ. ಹಮಾಲಿಗೆ ವಯಸ್ಸಾಯಿತು, ಲೆಕ್ಕಕ್ಕೆ ಓದು ಸಾಲದು ಎಂದರು.

ಒಂದು ದಿನ ಕಿರಾಣಿ ಅಂಗಡಿಯಲ್ಲಿ ಸಕ್ಕರೆ ಕಟ್ಟಿಸಿಕೊಂಡು ನಿಂತಾಗ ಅಂಗಡಿಯವನು ಯಾವ ಮನೆಯವರು ಎಂದು ಕೇಳಿದ. ಭರಮಣ್ಣ ಉತ್ತರ ಕೊಡುವ ಮೊದಲೇ ಪಕ್ಕದಲ್ಲಿದ್ದ ಹೆಂಗಸು, "ನಮ್ಮ ಸುಚಿತ್ರಕ್ಕನ ಮನಿಯವರಲ್ರಿ," ಎಂದಳು. ಅಂಗಡಿಯವನ ಮುಖ ಅರಳಿತು. "ಹೌದೇನ್ರಿ, ಮೊದಲ ಹೇಳಬಾರದಾ," ಎಂದು ಸಕ್ಕರೆ ಪೊಟ್ಟಣವನ್ನು ಎರಡೂ ಕೈಯಿಂದ ಕೊಟ್ಟ. ಆ ಮರ್ಯಾದೆ ಭರಮಣ್ಣನ ಮೈಗೆ ಬೆಂಕಿಯಂತೆ ಹತ್ತಿತು. ಮನೆಗೆ ಬಂದು ಪೊಟ್ಟಣವನ್ನು ಅಡುಗೆಕಟ್ಟೆಯ ಮೇಲೆ ಎಸೆದು, ಚಹಾ ಕೂಡ ಕುಡಿಯದೆ ಮಾಳಿಗೆಯ ಮೂಲೆಯಲ್ಲಿ ಕುಳಿತ.

ಬೇಸರ ಕಳೆಯಲು ಮೇಡ್ಲೇರಿಗೆ ಹೋದ. ಅಲ್ಲಿ ಬೇರೆಯದೇ ಉರಿ ಕಾದಿತ್ತು. ಬೆಂಡೆ ಸಾಲು ಕಳೆಗುಂದಿರಬಹುದು, ಚನ್ನೇಶ ತಲೆಯ ಮೇಲೆ ಕೈಹೊತ್ತು ಕುಳಿತಿರಬಹುದು ಎಂದುಕೊಂಡು ಹೋಗಿದ್ದ. ಬದುವಿನಲ್ಲಿ ನಿಂತು ನೋಡಿದರೆ ಸಾಲು ಸೊಂಟದೆತ್ತರ ಬೆಳೆದು ಹೂ ಬಿಟ್ಟಿತ್ತು. ಚನ್ನೇಶ ಮತ್ತು ಅವನ ಹೆಂಡತಿ ಆಳುಗಳ ನಡುವೆ ನಗುತ್ತ ಮಾತಾಡುತ್ತ ಓಡಾಡುತ್ತಿದ್ದರು.

"ಬಾ ಅಣ್ಣ. ಹೆಂಗೈತಿ ನೋಡು," ಎಂದ ಚನ್ನೇಶ.

"ನೀರ ಜಾಸ್ತಿ ಆಗೈತಿ."

"ಕಂಪನಿಯವರು ಬಂದು ನೋಡಿ ಛಲೋ ಐತಿ ಅಂದ್ರು ಅಣ್ಣ."

ಕಟ್ಟೆಗೆ ಹೋದರೆ ಅವನ ಜಾಗದಲ್ಲಿ ಯಾರೋ ಕುಳಿತಿದ್ದರು. ಎದ್ದು ಜಾಗ ಕೊಟ್ಟರು, ಇಲ್ಲವೆನ್ನುವಂತಿಲ್ಲ. ಆದರೆ ಕೇಳಿದ್ದು ಬೇರೆ ಮಾತು: "ಏನ್ರಿ ಭರಮಣ್ಣಾರ, ಪ್ಯಾಟಿಯಿಂದ ಯಾವಾಗ ಬಂದ್ರಿ? ಎಷ್ಟ ದಿನ ಇರ್ತೀರಿ?" ನೆಂಟನನ್ನು ಕೇಳುವ ಮಾತು. ಮನೆಯಲ್ಲಿ ಉಚ್ಚಂಗೆವ್ವ ಅವನಿಗೆಂದೇ ಶಾವಿಗೆ ಬಸಿದಿದ್ದಳು. ತಾಯಿ ತನಗೆ ನೆಂಟರ ಅಡುಗೆ ಮಾಡಿದ್ದಾಳೆಂದು ಅರ್ಧಕ್ಕೇ ಎದ್ದು ಕೈ ತೊಳೆದ. ಅಲ್ಲಿದ್ದರೆ ಹೆಂಡತಿಯ ಮೇಲೆ ಹೊಟ್ಟೆಕಿಚ್ಚು, ಇಲ್ಲಿ ತಮ್ಮನ ಮೇಲೆ. ಎರಡನ್ನೂ ಹೊತ್ತುಕೊಂಡು ಬಸ್ಸು ಹತ್ತಿದ.

ಅದೇ ವಾರ ಅವನು ಮಾಡಬಾರದ್ದು ಮಾಡಿದ. ಸುಚಿತ್ರಾ ನೆಗಡಿ ಜ್ವರದಿಂದ ಮನೆಯಲ್ಲಿದ್ದ ದಿನ ಒಬ್ಬನೇ ಕಂಪನಿಗೆ ಹೋಗಿ, ಗೇಟಿನ ಬಳಿ ಕೊಟ್ರೇಶನನ್ನು ಕರೆಸಿದ.

"ಬರ್ರಿ ಭರಮಣ್ಣಾರ, ಒಳಗ ಕುಂದರ್ರಿ," ಎಂದ ಕೊಟ್ರೇಶ. "ಮೇಡಂ ಆರಾಮ ಆದ್ರೇನ್ರಿ?"

ಆ ಮೇಡಂ ಎಂಬ ಮಾತಿಗೆ ಭರಮಣ್ಣನೊಳಗೆ ಏನೋ ಕಡಿದುಬಿತ್ತು. "ಅದನ್ನ ಹೇಳಾಕ ಬಂದೇನಿ. ಇನ್ನ ಮ್ಯಾಲೆ ಅಕಿ ಕೆಲಸಕ್ಕ ಬರಂಗಿಲ್ಲ. ಮನ್ಯಾಗ ತ್ರಾಸ ಐತಿ."

"ಮೇಡಂ ಏನೂ ಅಂದಿದ್ದಿಲ್ಲಲ್ರಿ."

"ಅಕಿನ ಕಳಿಸ್ಯಾಳ," ಎಂದು ಭರಮಣ್ಣ ಸುಳ್ಳು ಹೇಳಿದ.

ಹೊರಗೆ ಬಂದಾಗ ಎದೆ ಹಗುರಾಗಿತ್ತು. ಮನೆ ಮುಟ್ಟುವಷ್ಟರಲ್ಲಿ ಭಾರವಾಯಿತು. ಸುಚಿತ್ರಾಳಿಗೆ ಏನೂ ಹೇಳದೆ ಕಷಾಯ ಕಾಸಿಕೊಟ್ಟ. ಅವಳು ಅದನ್ನು ಕುಡಿದು, "ನೀವು ಇಲ್ಲಿದ್ದದ್ದ ಛಲೋ ಆತು ನೋಡ್ರಿ," ಎಂದಳು.

ಮೈ ಹುಷಾರಾದ ಮೇಲೆ ಅವಳು ಕೆಲಸಕ್ಕೆ ಹೋದಳು. ಹೋದಷ್ಟೇ ಬೇಗ ತಿರುಗಿ ಬಂದಳು. ಅವಳ ಮೇಜಿಗೆ ಬೇರೊಬ್ಬಳು ಕುಳಿತಿದ್ದಳು. ಒಳಗೆ ಬಂದು, ಚಪ್ಪಲಿ ಬಿಟ್ಟು, ಗಂಡನೆದುರು ನೆಲದ ಮೇಲೆ ಕುಳಿತಳು. ದನಿ ಏರಿಸಲಿಲ್ಲ.

"ಕಂಪನಿಗೆ ಹೋಗಿದ್ರೇನು?"

"ಹೋಗಿದ್ದೆ."

"ಯಾಕ?"

ಭರಮಣ್ಣ ನೆಲ ನೋಡಿದ. ಕೊಟ್ರೇಶನ ಹೆಸರು ಹೇಳಬೇಕೆಂದುಕೊಂಡ. ಅದು ಖರೆಯಲ್ಲವೆಂದು ಅವನಿಗೇ ಗೊತ್ತಿತ್ತು. ಆ ಹುಡುಗನ ಮೇಲೆ ಅವನಿಗೆ ಸಂಶಯವಿರಲಿಲ್ಲ. ಸಂಶಯವಿದ್ದಿದ್ದರೆ ಹೇಳುವುದು ಸುಲಭವಿತ್ತು.

"ಎಲ್ಲಾರೂ ನಿನ್ನ ಹೆಸರ ಹೇಳತಾರ," ಎಂದ ಕೊನೆಗೆ. "ನನ್ನ ಯಾರೂ ಕೇಳಂಗಿಲ್ಲ."

ಸುಚಿತ್ರಾ ತಲೆಯೆತ್ತಿ ಅವನನ್ನು ನೋಡಿದಳು.

"ಹಾವೇರ್ಯಾಗ ನಿಮಗ ಶಾಲು ಹೊದಿಸಿದಾಗ ನಾ ಎಲ್ಲಿದ್ದೆ, ನೆನಪೈತೇನ್ರಿ?"

ಅವನಿಗೆ ನೆನಪಿರಲಿಲ್ಲ. ಅವಳು ಬಂದಿದ್ದಳೆಂಬುದೇ ಸರಿಯಾಗಿ ನೆನಪಿರಲಿಲ್ಲ.

"ಹಿಂದಿನ ಸಾಲಿನ್ಯಾಗ ನಿಮ್ಮ ನೀರಿನ ಬಾಟ್ಲಿ ಹಿಡಕೊಂಡು ಕುಂತಿದ್ದೆ. ಮುಂಜಾನೆ ಇಬ್ಬನ್ಯಾಗ ನಿಂತು ಹೂವು ಮುಟ್ಟಿಸಿದ ಕೈ ನಂದು. ಶ್ವೇತಾ ಹೊಟ್ಟ್ಯಾಗಿದ್ದಾಗಲೂ ಸಾಲು ಬಿಟ್ಟಾಕಿ ಅಲ್ಲ. ಮಾಲು ಪಾಸ್ ಆತು ಅಂದ್ರ ಭರಮಣ್ಣನ ಮಾಲು. ಆ ದಿನ ನನಗೂ ಹೊಟ್ಟಿ ಉರಿದಿತ್ರಿ, ಭಾಳ ಉರಿದಿತ್ತು. ಆದ್ರ ನಾ ಸ್ಟೇಜ್ ಮ್ಯಾಲೆ ಹೋಗಿ ನಿಮ್ಮ ಶಾಲು ಕಸಗೊಂಡೆನೇನು?"

ಅವಳು ಎದ್ದು ಅಡುಗೆ ಕೋಣೆಗೆ ಹೋದಳು. ಪಾತ್ರೆ ತೊಳೆಯುವ ಸದ್ದು ಬಹಳ ಹೊತ್ತು ಕೇಳಿಸಿತು. ಅಷ್ಟು ಪಾತ್ರೆ ಆ ಮನೆಯಲ್ಲಿರಲಿಲ್ಲ.

ಮರುದಿನ ಅವನು ಮತ್ತೆ ಕಂಪನಿಯ ಗೇಟಿಗೆ ಹೋದ. ಈ ಸಲ ಕೊಟ್ರೇಶ ಬರುವವರೆಗೆ ಬಿಸಿಲಲ್ಲಿ ನಿಂತಿರಬೇಕಾಯಿತು.

"ನಾ ಅವತ್ತ ಹೇಳಿದ್ದು ಸುಳ್ಳು. ಅಕಿ ಕಳಿಸಿದ್ದಿಲ್ಲ. ಅಕಿನ್ನ ಹೊಳ್ಳಿ ತಗೋರಿ."

ಕೊಟ್ರೇಶನಿಗೆ ಮುಜುಗರವಾಯಿತು. ಆ ಹಂಗಾಮಿಗೆ ಬೇರೆಯವರನ್ನು ತೆಗೆದುಕೊಂಡಾಗಿದೆ, ಬಂದವಳನ್ನು ಬಿಡಿಸಲು ಬರುವುದಿಲ್ಲ, ಬೇಸಿಗೆಯ ಹೊತ್ತಿಗೆ ನೋಡೋಣ ಎಂದ. "ಕರಿಯಾಕ ಪ್ರಯತ್ನ ಮಾಡ್ತೀನ್ರಿ. ಖಾತ್ರಿ ಹೇಳಾಂಗಿಲ್ಲ." ಭರಮಣ್ಣ ಬಂದು ಅದನ್ನು ಇದ್ದ ಹಾಗೆ ಸುಚಿತ್ರಾಳಿಗೆ ಹೇಳಿದ. ಅವಳು ಕೇಳಿಸಿಕೊಂಡು ಎದ್ದು ಹೋದಳು. ಆ ದಿನದಿಂದ ಕೆಳಗೆ ಹೋಗಿ ಜೈತೂನಬಿಯ ಬಳಿ ಬ್ಲೌಸಿಗೆ ಹುಕ್ಕು ಹಚ್ಚತೊಡಗಿದಳು. ಗಂಡ ಹೆಂಡತಿಯ ನಡುವಿನ ಮಾತೆಲ್ಲ ಶ್ವೇತಾಳ ಬಾಯಿಂದ.

"ಪಪ್ಪಾ, ಚಹಾ ಬೇಕೋ ಬ್ಯಾಡೋ ಅಂತ ಕೇಳಾಕತ್ತಾಳ."

"ಬೇಕು ಅಂತ ಹೇಳು."

"ಇಲ್ಲೇ ಅದಾಳಲ್ಲ, ನೀನ ಹೇಳು," ಎಂದು ಒಂದು ದಿನ ಹುಡುಗಿ ಸಿಟ್ಟಿನಿಂದ ಪುಸ್ತಕ ಮುಚ್ಚಿದಳು. "ನಾಳಿಗೆ ನನ್ನ ಪರೀಕ್ಷೆ ಐತಿ. ನಾ ಓದ್ಲೋ, ನಿಮ್ಮ ಮಾತ ಹೊರಲೋ?"

ಅಂದು ಚಹಾದ ಮಾತನ್ನು ಅವರಿಬ್ಬರೇ ಆಡಿದರು.

ಭರಮಣ್ಣನಿಗೆ ದಿನವಿಡೀ ಆ ಮಾಳಿಗೆಯಲ್ಲಿ ಕುಳಿತರೆ ತಾನು ಕೆಟ್ಟುಹೋಗುತ್ತೇನೆ ಎಂಬುದು ಸ್ಪಷ್ಟವಾಗಿತ್ತು. ಊರಿಗೆ ಹೋಗಿ ಚನ್ನೇಶನನ್ನು ಕೂರಿಸಿಕೊಂಡು ಮಾತಾಡಿದ. ಹೊಲದಲ್ಲಿ ಅರ್ಧ ತನಗೆ ಬಿಡು ಎಂದ. ಚನ್ನೇಶ ಒಪ್ಪಿದ, ಆದರೆ ಒಂದು ಮಾತು ಕೇಳಿದ.

"ಬೆಂಡಿ ಸಾಲು ನಂಗ ಬಿಡು ಅಣ್ಣ. ನಾವೂ ಕೈ ಕಲತೇವಿ."

ಉಚ್ಚಂಗೆವ್ವ ಇಬ್ಬರ ಮುಖವನ್ನೂ ನೋಡುತ್ತ ಕುಳಿತಿದ್ದಳು. ಕೊನೆಗೆ ಭರಮಣ್ಣನೇ, "ಆತು, ಇಟ್ಟುಕೋ," ಎಂದ. ಮೇಲಿನ ಅರ್ಧದಲ್ಲಿ ಗೋವಿನಜೋಳ ಮತ್ತು ತರಕಾರಿ ಹಾಕಿದ. ಅಂದಿನಿಂದ ಬೆಳಿಗ್ಗೆ ಮೊದಲ ಬಸ್ಸಿಗೆ ರಾಣೆಬೆನ್ನೂರಿನಿಂದ ಮೇಡ್ಲೇರಿಗೆ ಹೋಗಿ, ಸಂಜೆ ತಿರುಗಿ ಬರುವುದು ರೂಢಿಯಾಯಿತು. ಪೇಟೆಯಿಂದ ಹಳ್ಳಿಗೆ ದುಡಿಯಲು ಹೋಗುವವರು ತಾನೊಬ್ಬನೇ ಎಂದುಕೊಂಡಿದ್ದ. ಬಸ್ಸಿನಲ್ಲಿ ಅಂಥವರು ಇನ್ನೂ ಕೆಲವರಿದ್ದರು. ಎಲ್ಲರ ಹೆಂಡಿರೂ ಮಕ್ಕಳ ಶಾಲೆಗೆಂದು ಬಂದವರು. ಮಾತು ಬೆಳೆಯಿತು. ಯಾರ ಓಣಿಯಲ್ಲಿ ನೀರು ಯಾವಾಗ, ಯಾರ ಮನೆಯೊಡೆಯ ಎಂಥವ, ಊರಿನಲ್ಲಿ ಯಾರ ದನ ಮಾರಿಹೋಯಿತು, ಇವೇ ಸುದ್ದಿ. ಅವರ ನಡುವೆ ಕುಳಿತು ಭರಮಣ್ಣ ಮೊದಲ ಸಲ ರಾಣೆಬೆನ್ನೂರಿನ ಮೇಲೆ ತನಗಿದ್ದ ಸಿಟ್ಟನ್ನು ಬಾಯಿಬಿಟ್ಟು ಹೇಳಿದ, ಉಳಿದವರು ತಮ್ಮ ತಮ್ಮದನ್ನು ಹೇಳಿದರು.

ಬೇಸಿಗೆಗೆ ಕೊಟ್ರೇಶ ಸುಚಿತ್ರಾಳಿಗೇ ಫೋನ್ ಮಾಡಿದ. ಮೊಳಕೆ ನೋಡುವ ಕೆಲಸಕ್ಕಲ್ಲ. ಹೊಸದಾಗಿ ಬೀಜ ಬೆಳೆಯಲು ಮುಂದಾದ ಹಳ್ಳಿಗಳಲ್ಲಿ ಹೆಂಗಸರಿಗೆ ಕ್ರಾಸಿಂಗ್ ಕಲಿಸಿಕೊಡಬೇಕು, ಬರುತ್ತೀರಾ ಎಂದು ಕೇಳಿದ. ಸುಚಿತ್ರಾ ಒಪ್ಪಿಕೊಂಡ ಮೇಲೆ ಗಂಡನಿಗೆ ಹೇಳಿದಳು. ಮೊದಲ ದಿನ ಗಳಗನಾಥದಲ್ಲಿ. ಅಷ್ಟು ದೂರ ಗಾಡಿ ಹೊಡೆದು ಅವಳಿಗೆ ರೂಢಿಯಿರಲಿಲ್ಲ.

"ನೀವು ಬರ್ತೀರೇನು?" ಎಂದು ಕೇಳಿದಳು.

ಭರಮಣ್ಣ ಚನ್ನೇಶನ ಬಳಿ ಬಿಟ್ಟಿದ್ದ ಬೈಕನ್ನು ತರಿಸಿಕೊಂಡು ಅವಳನ್ನು ಕರೆದೊಯ್ದ. ಹೊಲದಲ್ಲಿ ಇಪ್ಪತ್ತರ ಮೇಲೆ ಹೆಂಗಸರು ಸುತ್ತ ನಿಂತಿದ್ದರು. ಸುಚಿತ್ರಾ ಮೊಗ್ಗು ಬಿಡಿಸಿ ತೋರಿಸಿದಳು, ಪುಡಿ ಮುಟ್ಟಿಸುವುದನ್ನು ತೋರಿಸಿದಳು, ತಪ್ಪು ಮಾಡಿದವಳ ಕೈ ಹಿಡಿದು ಮತ್ತೆ ಮಾಡಿಸಿದಳು. ಭರಮಣ್ಣ ಬೇವಿನ ಗಿಡದ ಕೆಳಗೆ ಕುಳಿತು ನೋಡಿದ. ತನ್ನ ಹೊಲದಲ್ಲಿ ಅವಳು ಎಷ್ಟೋ ವರ್ಷ ಮಾಡಿದ ಕೆಲಸವೇ. ಆಗ ಅವನು ನೋಡುತ್ತಿದ್ದದ್ದು ಸಾಲನ್ನು, ಕಾಯಿಯನ್ನು. ಅವಳ ಕೈ ಇಷ್ಟು ಚುರುಕಾಗಿ ಓಡುವುದು ಇಂದು ಕಣ್ಣಿಗೆ ಬಿತ್ತು. ಒಬ್ಬ ಮುದುಕಿ "ನಮ್ಮ ಮನಿಗೂ ಬಾರವಾ ಸುಚಿತ್ರವ್ವ," ಎಂದಾಗ ಎದೆಯಲ್ಲಿ ಹಳೆಯ ಉರಿ ಎದ್ದಿತು. ಎದ್ದದ್ದನ್ನು ಅವನು ಗುರುತಿಸಿದ, ಅಷ್ಟೇ. ಎದ್ದು ಹೋಗಲಿಲ್ಲ.

ಮಧ್ಯಾಹ್ನ ಇಬ್ಬರೂ ವರದೆಯೂ ತುಂಗಭದ್ರೆಯೂ ಕೂಡುವ ಕಡೆ, ದೇವಸ್ಥಾನದ ಹಿಂದಿನ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿದರು. ಹೊಳೆಯಲ್ಲಿ ನೀರು ಇಳಿದು ಕಲ್ಲುಗಳು ಎದ್ದಿದ್ದವು.

"ಛಲೋ ಕಲಿಸಿದಿ," ಎಂದ ಭರಮಣ್ಣ. ಸ್ವಲ್ಪ ತಡೆದು, "ನನಗ ಇನ್ನೂ ಹೊಟ್ಟಿ ಉರಿತೈತಿ ಸುಚಿತ್ರಾ," ಎಂದ.

"ಗೊತ್ತೈತ್ರಿ," ಎಂದಳು ಅವಳು. "ಉಣ್ರಿ. ಹೆಣ್ಮಕ್ಕಳು ಮತ್ತ ಬರೂ ಹೊತ್ತಾತು."

ರೊಟ್ಟಿ ಮುರಿದು ಅವನ ಕೈಗಿಟ್ಟು, ಪಲ್ಯದ ಡಬ್ಬಿಯನ್ನು ಇಬ್ಬರ ನಡುವೆ ಸರಿಸಿದಳು.